ಮೀಟರಕ್ಕನ ಎರಡನೆಯ ಸುತ್ತು

ನಾನೀಗ ಕತ್ತರಿ ಹಿಡಿದು ನಿಂತಿರುವ ಊರಿನಲ್ಲಿ ‘ಬಂದ್’ ಅಂದರೆ ಜನ ಅಂಗಡಿ ಬಾಗಿಲು ಎಳೆದು ಮನೆಗೆ ಹೋಗುತ್ತಾರೆ. ನಮ್ಮೂರಿನಲ್ಲಿ ಹಾಗಲ್ಲ. ಅಲ್ಲಿ ಬಂದ್ ಅಂದರೆ ವರ್ಷವಿಡೀ ಮುಚ್ಚಿದ್ದ ಬಾಗಿಲುಗಳೂ ತೆರೆಯುತ್ತಿದ್ದವು. ಈ ಒಂದು ಮಾತಿನಿಂದ ನಮ್ಮಕ್ಕ ಪಟ್ಟ ಪಾಡನ್ನು, ಆ ಪಾಡಿನಲ್ಲಿ ಅವಳು ನಡೆದುಕೊಂಡ ರೀತಿಯನ್ನು ನಾನು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ. ಅವಳಂತೂ ತನ್ನ ಬಗ್ಗೆ ಒಂದು ಸಾಲು ಬರೆಯುವವಳಲ್ಲ.

ನಮ್ಮೂರ ಪಕ್ಕದಲ್ಲಿ ಅಣುವಿದ್ಯುತ್ ಸ್ಥಾವರವಿತ್ತು. ಊರಿನ ಬಾಯಲ್ಲಿ ಅದು ಬರೀ ‘ಪ್ಲಾಂಟು’. ಒಳಗಿನ ಇಂಧನ ಬದಲಿಸುವುದಕ್ಕೆ, ಎಲ್ಲವನ್ನೂ ಬಿಚ್ಚಿ ರಿಪೇರಿ ಮಾಡುವುದಕ್ಕೆ ವರ್ಷಕ್ಕೊಮ್ಮೆ ಅದನ್ನು ಕೆಲವು ವಾರ ನಿಲ್ಲಿಸುತ್ತಿದ್ದರು. ಅದೇ ನಮ್ಮ ಬಂದ್. ಆಗ ವೆಲ್ಡಿಂಗ್‌ನವರು, ಪೈಪಿನವರು, ಅಟ್ಟಣಿಗೆ ಕಟ್ಟುವವರು ಎಲ್ಲೆಲ್ಲಿಂದಲೋ ಬಂದು ಇಳಿಯುತ್ತಿದ್ದರು. ಮಲಗಲು ಅವರಿಗೆ ರೂಮು ಬೇಕು, ಪ್ಯಾಂಟಿನ ಉದ್ದ ಕಮ್ಮಿ ಮಾಡಲು ದರ್ಜಿ ಬೇಕು, ಗಡ್ಡ ತೆಗೆಯಲು ನಾನು ಬೇಕು. ಪ್ಲಾಂಟು ನಡೆಯುವಾಗ ಊರು ಹೇಗೋ ಉಸಿರಾಡುತ್ತಿತ್ತು, ಪ್ಲಾಂಟು ನಿಂತಾಗ ಕೈಕಾಲು ಚಾಚಿ ಎದ್ದು ಕೂರುತ್ತಿತ್ತು. “ಬಂದ್ ಬಂತು” ಅಂದರೆ ನಮ್ಮಲ್ಲಿ ಭಾಗ್ಯ ಬಂತು ಎಂದೇ ಅರ್ಥ. ಹುಡುಗನಿಗೆ ಹೊಸ ಸೈಕಲ್ ಯಾವಾಗ ಅಂದರೆ ಬಂದ್ ಆದ ಮೇಲೆ. ಮನೆಗೆ ಸುಣ್ಣ ಯಾವಾಗ ಅಂದರೆ ಬಂದ್ ಆದ ಮೇಲೆ. ಹೊರಗಿನವರು ಕೇಳಿಸಿಕೊಂಡರೆ ನಮಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು.

ಇನ್ನು ನಮ್ಮಕ್ಕ. ಅವಳು ಆ ಊರಿನ ಕರೆಂಟ್ ಮೀಟರ್ ಓದುವವಳು. ಮಕ್ಕಳು ಮುದುಕರು ಎಲ್ಲರಿಗೂ ಅವಳು ‘ಮೀಟರಕ್ಕ’. ಅಮ್ಮ ತೀರಿಕೊಂಡಾಗ ನಾನಿನ್ನೂ ಚಡ್ಡಿ ಏರಿಸಿಕೊಳ್ಳಲು ಬಾರದ ಪೋರ, ನನ್ನನ್ನು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ, “ಇವನೊಬ್ಬನನ್ನ ಸಾಕಿದ್ದೇ ಸಾಕು ಸಾಕಾಗಿದೆ, ಇನ್ನೊಬ್ಬನನ್ನ ಎಲ್ಲಿ ಸಾಕಲಿ?” ಎಂದು ಬಂದವರನ್ನು ನಗಿಸಿ ಕಳಿಸಿಬಿಡುತ್ತಿದ್ದಳು. ಅವಳ ನಗುವಿನ ಹಿಂದೆ ಏನಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲಸದಲ್ಲಿ ಅವಳದು ಒಂದೇ ಹಟ: ಕಣ್ಣಲ್ಲಿ ನೋಡದ್ದನ್ನು ಕೈಯಲ್ಲಿ ಬರೆಯಬಾರದು. ಮನೆಗೆ ಬೀಗ ಹಾಕಿದ್ದರೆ ಉಳಿದ ರೀಡರುಗಳು ಅಂದಾಜಿನ ಮೇಲೆ ಒಂದು ಅಂಕಿ ಗೀಚಿ ಮುಂದೆ ಹೋಗುತ್ತಿದ್ದರು. ಅಕ್ಕ ಮರುದಿನ ಹೋಗುವಳು, ಅದರ ಮರುದಿನವೂ ಹೋಗುವಳು. ಒಬ್ಬಾಕೆ ಮೀಟರಿಗೆ ಅಡ್ಡವಾಗಿ ಬಟ್ಟೆಯ ಬೀರು ನಿಲ್ಲಿಸಿಕೊಂಡು, “ಇದನ್ನ ಸರಿಸೋಕೆ ನಾಲ್ಕು ಜನ ಬೇಕು” ಅಂದಳಂತೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನೀವೊಬ್ರು, ನಾನೊಬ್ಬಳು, ಇನ್ನಿಬ್ರನ್ನ ಕೂಗ್ತೀನಿ” ಎಂದು ಬೀದಿಗೆ ಹೊರಟಾಗ ಬೀರು ತಾನಾಗಿಯೇ ಸರಿಯಿತು. ನನ್ನ ಸಲೂನಿನ ಮೀಟರಿನ ಎದುರು ಕೂಡ ಅವಳ ಕಣ್ಣು ಮಂಜಾಗಲಿಲ್ಲ. “ಒಂದು ತಿಂಗಳು ಸ್ವಲ್ಪ ನೋಡ್ಕೊಳ್ಳೇ ಅಕ್ಕ” ಎಂದು ಹಲ್ಲು ಗಿಂಜಿದ್ದಕ್ಕೆ, “ಮೀಟರಕ್ಕನ ತಮ್ಮ ಅಂತ ಬಲ್ಬು ಕಮ್ಮಿ ಉರಿಯುತ್ತೇನೋ?” ಅಂದಳು. ಗಿರಾಕಿಗಳೆಲ್ಲ ನೊರೆ ಹಚ್ಚಿದ ಮುಖದಲ್ಲೇ ನಕ್ಕರು.

ಇಂಥವಳ ಕೆಲಸಕ್ಕೂ ಕುತ್ತು ಬಂತು. ತಾವೇ ಅಂಕಿ ಕಳಿಸುವ ಹೊಸ ಮೀಟರುಗಳು ಬಂದವು. ಇನ್ನು ಮನೆಮನೆ ತಿರುಗುವವರು ಬೇಡ, ಮಳೆಗಾಲದ ಹೊತ್ತಿಗೆ ಎಲ್ಲ ಮುಗಿಯುತ್ತದೆ ಎಂದು ಆಫೀಸಿನಲ್ಲಿ ಹೇಳಿದರು. ಅಕ್ಕ ಆ ಸುದ್ದಿಯನ್ನು ಮನೆಗೆ ತಂದಾಗ ಅಳಲಿಲ್ಲ. ಚಪ್ಪಲಿ ಬಿಟ್ಟು, ಮುಖ ತೊಳೆದು, “ಕಾಲಿಗಾದ್ರೂ ರೆಸ್ಟು ಸಿಗುತ್ತೆ ಬಿಡು” ಅಂದಳು. ಅವಳ ಆ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ ಎಂದು ನನಗೇ ಚಿಂತೆ ಹತ್ತಿತು.

ಅದೇ ಹೊತ್ತಿಗೆ ಅಧ್ಯಯನದವರು ಬಂದರು. ಪ್ಲಾಂಟಿಗೆ ವಯಸ್ಸಾಗಿದೆ, ಅದನ್ನು ಮುಚ್ಚುವ ಆಲೋಚನೆಯಿದೆ, ಮುಚ್ಚಿದರೆ ಸುತ್ತಲಿನ ಊರುಗಳ ಬದುಕಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ತಿಳಿಯುವುದು ಅವರ ಕೆಲಸ. ಪೆಟ್ಟು ಬೀಳುವ ಊರುಗಳಿಗೆ ಸರ್ಕಾರದ ನೆರವು ಸಿಗುತ್ತದೆ: ಹೊಸ ಕೆಲಸದ ತರಬೇತಿ, ಅಂಗಡಿಗಳಿಗೆ ಆಸರೆ, ಸಾಧ್ಯವಾದರೆ ಇನ್ನೊಂದು ಕಾರ್ಖಾನೆ. ಪೆಟ್ಟು ಬೀಳದ ಊರಿಗೆ ಏನೂ ಇಲ್ಲ. ಅಂಚೆ ಕಚೇರಿಯ ಮೇಲಿನ ಕೋಣೆಯಲ್ಲಿ ಮೇಜು, ಕಂಪ್ಯೂಟರು, ಗೋಡೆಗೆ ನಮ್ಮೂರ ನಕ್ಷೆ. ಮುಖ್ಯಸ್ಥೆ ಅರ್ಥಶಾಸ್ತ್ರ ಓದಿದ ಹೆಂಗಸು, ಎಲ್ಲರೂ ‘ಮೇಡಂ’ ಅನ್ನುತ್ತಿದ್ದರು. ಕಡಿಮೆ ಮಾತು, ಜಾಸ್ತಿ ಕೆಲಸ. ಊರಿನ ಪ್ರತಿ ಬಾಗಿಲೂ ಪ್ರತಿ ನಾಯಿಯೂ ಗೊತ್ತಿರುವವರು ಯಾರು ಎಂದು ಅವರು ವಿಚಾರಿಸಿದರೆ ಸಿಕ್ಕಿದ ಹೆಸರು ಒಂದೇ. ಅಕ್ಕ ಪ್ರಶ್ನೆ ಕೇಳುವ ಕೆಲಸಕ್ಕೆ ಸೇರಿದಳು. ಕೆಲಸ ಚೆನ್ನಾಗಿ ಆದರೆ, ಮುಂದೆ ತೆರೆಯುವ ನೆರವಿನ ಕಚೇರಿಯಲ್ಲಿ ಅವಳಿಗೆ ಕಾಯಂ ಜಾಗ ಕೊಡಿಸುತ್ತೇನೆ ಎಂದು ಮೇಡಂ ಹೇಳಿದರು.

ಅಚ್ಚಾದ ಪ್ರಶ್ನೆ ಹೀಗಿತ್ತು: “ಸ್ಥಾವರದ ಕಾರ್ಯಾಚರಣೆಯು ಶಾಶ್ವತವಾಗಿ ಸ್ಥಗಿತಗೊಂಡಲ್ಲಿ ತಮ್ಮ ಆದಾಯದ ಮೇಲೆ ಉಂಟಾಗಬಹುದಾದ ಪರಿಣಾಮವೇನು?”

ಅಕ್ಕ ಇದನ್ನು ಮೊದಲು ಓದಿದ್ದು ದರ್ಜಿಯ ಮುಂದೆ. ಅವನು ಟೇಪನ್ನು ಕೊರಳಿಂದ ತೆಗೆದು, “ಇದು ಪ್ರಶ್ನೆನಾ, ತೀರ್ಪಾ?” ಅಂದ. ಬಟ್ಟೆ ಒಗೆಯುವವನು ಅರ್ಧದಲ್ಲೇ, “ಮಂತ್ರ ಮುಗಿದ ಮೇಲೆ ಹೇಳಕ್ಕ, ಕೈ ಮುಗೀತೀನಿ” ಅಂದ. ಅಕ್ಕನಿಗೂ ನಗು ಬಂತು. ಜನಕ್ಕೆ ತಿಳಿಯಲಿ ಎಂದು ಅವಳು ಆ ಪ್ರಶ್ನೆಯನ್ನು ಊರಿನ ಮಾತಿಗೆ ಇಳಿಸಿದಳು: “ಅದೇ ಅಪ್ಪಾ, ಪ್ಲಾಂಟು ಬಂದ್ ಆದ್ರೆ ನಿಮ್ಮ ವ್ಯಾಪಾರ ಏನಾಗುತ್ತೆ ಅಂತ.”

ಎಲ್ಲರ ಮುಖವೂ ಊರಗಲವಾಯಿತು. “ಏನಾಗೋದೇನು, ಜೋರಾಗುತ್ತೆ!” “ಕೈಗೆ ಬಿಡುವೇ ಇರಲ್ಲ.” “ಈ ಸಲ ಬೇಗ ಬಂದ್ ಮಾಡ್ತಾರಾ ಅಕ್ಕ?” ನಾನು ನನ್ನ ಪಾಲಿನದನ್ನೂ ಸೇರಿಸಿದೆ: “ಎರಡು ಕುರ್ಚಿ ಸಾಲಲ್ಲ, ಮೂರನೇದು ಹಾಕ್ಬೇಕು ಅಂತ ಬರಿ.” ಪ್ಲಾಂಟು ಮುಚ್ಚುತ್ತಾರಂತೆ ಅನ್ನುವ ಗುಲ್ಲು ನಾನು ಹುಟ್ಟುವ ಮೊದಲಿನಿಂದ ಇತ್ತು. ತೋಳ ಬಂತು ತೋಳ ಎಂದು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದರಿಂದ, ಅಕ್ಕ ಕೇಳುತ್ತಿರುವುದು ಆ ಮುಚ್ಚುವ ಮಾತನ್ನೇ ಎಂದು ಯಾರ ತಲೆಗೂ ಹೊಳೆಯಲಿಲ್ಲ.

ಅಕ್ಕನಿಗಾದರೂ ಹೊಳೆಯಬೇಡವೇ ಎಂದು ನೀವು ಕೇಳಬಹುದು. ಅವಳೂ ಅದೇ ಊರಿನ ನೀರು ಕುಡಿದವಳು, ಬಂದ್ ಅನ್ನುವ ಮಾತು ಅವಳ ಕಿವಿಗೂ ನಗುತ್ತಲೇ ಬೀಳುತ್ತಿತ್ತು. ಸಾಲದ್ದಕ್ಕೆ ಮೀಟರ್ ಓದುವವರ ಮೊದಲ ಪಾಠವೇ, ತೋರಿಸಿದ್ದನ್ನು ಬರಿ, ಯಾಕೆ ಹಾಗೆ ಎಂದು ಕೇಳಬೇಡ ಅನ್ನುವುದು. ಯಾವ ಹಟದಿಂದ ಅವಳು ಆ ಊರಿನಲ್ಲಿ ತಲೆಯೆತ್ತಿ ತಿರುಗಿದ್ದಳೋ ಆ ಹಟವೇ ಅವಳನ್ನು ಗುಂಡಿಗೆ ಇಳಿಸಿತು. ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಬರೆದುಕೊಟ್ಟಳು.

ಮೇಡಂ ಆ ಉತ್ತರಗಳನ್ನು ನೋಡಿ ಹುಬ್ಬೇರಿಸಿದರಂತೆ. ಆಮೇಲೆ, ಮುಚ್ಚಿದ ಪ್ಲಾಂಟನ್ನು ಕಳಚಲು ವರ್ಷಗಟ್ಟಲೆ ಕೆಲಸಗಾರರು ಬರುತ್ತಾರಲ್ಲ, ಊರಿನವರು ಅದನ್ನು ಮೊದಲೇ ಲೆಕ್ಕ ಹಾಕಿದ್ದಾರೆ ಎಂದು ಸಮಾಧಾನ ಮಾಡಿಕೊಂಡರು. ಅದೂ ತಪ್ಪು ಊಹೆಯೇನಲ್ಲ. ವರದಿಯ ಕರಡು ಸಿದ್ಧವಾಯಿತು: ಸ್ಥಾವರ ಮುಚ್ಚಿದರೆ ಈ ಊರಿಗೆ ಲಾಭವೇ ಹೊರತು ನಷ್ಟವಿಲ್ಲ, ನೆರವಿನ ಅಗತ್ಯ ಕಾಣುವುದಿಲ್ಲ. ಒಂದು ಮನೆಯನ್ನೂ ಬಿಡದೆ ಕೇಳಿ ಬಂದಿದ್ದಕ್ಕೆ ಅಕ್ಕನನ್ನು ಹೊಗಳಿ, ಪಕ್ಕದ ಊರಿನಲ್ಲಿ ತೆರೆಯುವ ಕಚೇರಿಗೆ ಅವಳ ಹೆಸರನ್ನು ಕಳಿಸುವುದಾಗಿ ಹೇಳಿದರು. ನಮ್ಮೂರಿಗೆ ಲಾಭವೆಂದು ಬರೆದಿರುವುದನ್ನು ಮಾತ್ರ ಅಕ್ಕನಿಗೆ ಯಾರೂ ಓದಿ ಹೇಳಲಿಲ್ಲ. ನೆರವು ಬಂದೇ ಬರುತ್ತದೆ ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ದಾರಿಯಲ್ಲಿ ದೊಡ್ಡಮ್ಮನ ಮನೆ. ದೊಡ್ಡಮ್ಮ ನಮಗೆ ಸಂಬಂಧವಲ್ಲ, ಆದರೆ ಊರಿಗೆಲ್ಲ ದೊಡ್ಡಮ್ಮ. ಗಂಡ ಬಿಟ್ಟುಹೋದ ಹಳೆಯ ಮನೆಗೆ ಹಲಗೆಯ ಗೋಡೆ ಹಾಕಿ ಹಾಕಿ ರೂಮುಗಳನ್ನು ಮಾಡಿ, ಬಂದ್‌ಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದವಳು. ಅಂದು ಅವಳ ಬಾಗಿಲಲ್ಲಿ ಒಂದು ಟೆಂಪೊ ನಿಂತಿತ್ತು. ಹೊಸ ಹಾಸಿಗೆಗಳು ಪ್ಲಾಸ್ಟಿಕ್ ಹೊದ್ದುಕೊಂಡು ಒಂದೊಂದಾಗಿ ಒಳಗೆ ಹೋಗುತ್ತಿದ್ದವು.

“ಇದೇನು ದೊಡ್ಡಮ್ಮ, ಇಷ್ಟೊಂದು?”

“ನೀನೇ ಅಲ್ವೇನೇ ಹೇಳಿದ್ದು, ಬಂದ್ ಬರುತ್ತೆ ಅಂತ? ಸರ್ಕಾರದವರೇ ಬಂದು ಕೇಳ್ತಿದ್ದಾರೆ ಅಂದ್ರೆ ಈ ಸಲ ದೊಡ್ಡ ಬಂದ್ ಅಂತಲೇ ಲೆಕ್ಕ! ಹಳೇ ಹಾಸಿಗೆ ಎಲ್ಲ ತೆಗೆದು ಹಾಕ್ಬಿಟ್ಟೆ.”

ಅಕ್ಕ ಅಲ್ಲಿಂದ ನೇರ ನನ್ನ ಸಲೂನಿಗೆ ಬಂದಳು. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ನೀರೂ ಕೇಳದೆ, “ತಮ್ಮಾ, ಬಂದ್ ಅಂದ್ರೆ ಏನೋ?” ಅಂದಳು.

“ಸುಗ್ಗಿ” ಅಂದೆ ನಾನು, ಬಾಚಣಿಗೆ ತೊಳೆಯುತ್ತ.

“ಮುಚ್ಚಿಹೋಗೋದು ಅಂದ್ರೆ?”

“ಅದಕ್ಕೇನು ಹೇಳ್ತಾರೆ...” ಎಂದು ಬಾಯಿ ತೆರೆದವನು ಹಾಗೆಯೇ ನಿಂತೆ. ಅದಕ್ಕೂ ಬಾಯಿಗೆ ಬಂದದ್ದು ಅದೇ ಮಾತು, ಬಂದ್. ಅಕ್ಕ ಅಂಚೆ ಕಚೇರಿಯ ಮೇಲಿನ ಕೋಣೆಗೆ ವಾಪಸ್ಸು ಓಡಿ, ವರದಿಯ ಕರಡನ್ನು ತಾನೇ ಕೇಳಿ ಓದಿ ಬಂದಳು. ಬಂದು ಎಲ್ಲವನ್ನೂ ನನಗೆ ಹೇಳಿದಳು. ವರದಿ ಆ ವಾರ ಮೇಲಿನವರ ಕೈ ಸೇರುವುದಿತ್ತು. ಸೇರಿದರೆ ಊರಿಗೆ ಚಿಪ್ಪು. ತಡೆದರೆ ತಪ್ಪು ಮಾಡಿದವಳು ಯಾರೆಂದು ಹೇಳಬೇಕು, ಆ ಕಾಯಂ ಕೆಲಸಕ್ಕೆ ಎಳ್ಳುನೀರು.

ನಾನು ಅವಳ ತಮ್ಮ, ನನ್ನ ಬುದ್ಧಿ ತಮ್ಮನ ಹಾಗೆಯೇ ಓಡಿತು. “ಊರ ಉಸಾಬರಿ ನಿನಗ್ಯಾಕೆ? ನೀನೇನು ಸುಳ್ಳು ಬರೆದ್ಯಾ? ಅವ್ರು ಹೇಳಿದ್ದನ್ನ ಬರೆದೆ. ಕೈಗೆ ಬಂದ ತುತ್ತು ಬಾಯಿಗೆ ಬರೋ ಹೊತ್ತಲ್ಲಿ ನೀನೇ ಚೆಲ್ಕೋಬೇಡ.”

“ಅವ್ರು ಹೇಳಿದ್ದನ್ನ ಬರೆದೆ ಕಣೋ,” ಅಂದಳು ಅಕ್ಕ, “ಆದ್ರೆ ನಾನು ಕೇಳಬೇಕಾದ್ದನ್ನ ಕೇಳಲಿಲ್ಲ.”

ಮರುದಿನ ಬೆಳಿಗ್ಗೆ ಅವಳು ಅಂಚೆ ಕಚೇರಿಯ ಮೆಟ್ಟಿಲು ಹತ್ತಿದಳು. ನಾನೂ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತೆ, ಕೂಗಾಟವಾದರೆ ಕರೆದುಕೊಂಡು ಬರೋಣವೆಂದು. ಕೂಗಾಟ ಆಗಲಿಲ್ಲ. ಅಕ್ಕ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಸಿಟ್ಟು ಬಂದಿತ್ತು, ಅದು ಕಾಣುತ್ತಿತ್ತು. ಆದರೆ ಅವರು ಒಳ್ಳೆಯವರು. “ಟೈಪಿಂಗ್ ತಪ್ಪು ಅಂತ ಬರೆದು ಸಮಯ ಕೇಳ್ತೀನಿ. ನಿಮ್ಮ ಹೆಸರು ಬರೋದು ಬೇಡ” ಅಂದರು.

ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಎಂಥ ಒಳ್ಳೆಯ ದಾರಿ! ಹೂಂ ಅನ್ನೇ, ಹೂಂ ಅನ್ನೇ ಎಂದು ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಕೂಗಿದೆ.

“ಬೇಡ ಮೇಡಂ,” ಅಂದಳು ಅಕ್ಕ. “ಟೈಪ್ ಮಾಡಿದ ಹುಡುಗಿ ಏನು ತಪ್ಪು ಮಾಡಿದ್ದಾಳೆ? ಪ್ರಶ್ನೆ ಬದಲಾಯಿಸಿದವಳು ನಾನು. ನನ್ನ ಹೆಸರೇ ಬರೀರಿ. ಇನ್ನೊಂದು ಸುತ್ತು ನಾನೇ ಹೋಗಿ ಬರ್ತೀನಿ.”

ಆ ಕೋಣೆಯ ಮೂಲೆಯಲ್ಲಿ ಟೈಪು ಮಾಡುವ ಹುಡುಗಿ ತಲೆ ಎತ್ತಿ ನೋಡಿದಳು. ನನಗೆ ಅಕ್ಕನ ಮೇಲೆ ಉರಿ ಹತ್ತಿಕೊಂಡು ಬಂತು. ಬೀದಿಗೆ ಇಳಿಯುವಷ್ಟರಲ್ಲಿ ಆ ಉರಿ ಎಲ್ಲಿ ಹೋಯಿತೋ. ಅವಳ ಪಕ್ಕದಲ್ಲಿ ನಡೆಯುವುದೇ ಒಂದು ಹೆಮ್ಮೆ ಅನ್ನಿಸಿತು. ಹಾಗಂತ ಹೇಳಲು ಹೋಗಿ, “ನಿನ್ನಂಥ ಪೆದ್ದಿಯನ್ನ ನಾನು ನೋಡಿಲ್ಲ” ಅಂದುಬಿಟ್ಟೆ.

ಎರಡನೆಯ ಸುತ್ತು ಶುರುವಾಯಿತು. ಈ ಸಲ ಅವಳು ಬಂದ್ ಅನ್ನುವ ಮಾತನ್ನು ಬಾಯಿಗೇ ತರಲಿಲ್ಲ. ಅಚ್ಚಾದ ಪ್ರಶ್ನೆಯನ್ನೂ ಓದಲಿಲ್ಲ. ಪ್ರತಿ ಬಾಗಿಲಲ್ಲೂ ಕೂತುಕೊಂಡು, “ಪ್ಲಾಂಟು ನಿಲ್ಲುತ್ತೆ, ಆಮೇಲೆ ಯಾವತ್ತೂ ಶುರುವಾಗಲ್ಲ. ರಿಪೇರಿಯವರೂ ಬರಲ್ಲ. ಆಗ ನಿಮಗೆ ಏನಾಗುತ್ತೆ?” ಎಂದು ಕೇಳಿದಳು. ಕಳಚುವ ಕೆಲಸಕ್ಕೆ ಜನ ಬರುವುದು ಯಾವಾಗಲೋ, ಅದಕ್ಕೆ ಮೊದಲು ಎಷ್ಟೋ ವರ್ಷ ಅದು ಹಾಗೆಯೇ ತಣ್ಣಗಾಗಬೇಕು ಎಂದು ಮೇಡಂ ಅವಳಿಗೆ ವಿವರಿಸಿದ್ದರು, ಅದನ್ನೂ ಮುಚ್ಚಿಡದೆ ಹೇಳಿದಳು.

ಆಗ ನನಗೆ ಅರ್ಥವಾಯಿತು, ಅವಳು ಪ್ರಶ್ನೆ ಕೇಳುತ್ತಿಲ್ಲ, ಸುದ್ದಿ ಹೇಳುತ್ತಿದ್ದಾಳೆ. ಊರಿಗೆ ಆ ಸುದ್ದಿಯನ್ನು ಯಾರೂ ಸರಿಯಾಗಿ ಹೇಳಿರಲೇ ಇಲ್ಲ. ದರ್ಜಿ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತು ಮಗಳ ಓದಿನ ಕಥೆ ಹೇಳಿದ. ಬಟ್ಟೆ ಒಗೆಯುವವನು, “ಹೋದ ಸಲ ನಗ್ತಾ ಬಂದಿದ್ದೆ, ಈ ಸಲ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ಯಾ?” ಎಂದು ಬೈದ. ಅವಳು ಬೈಸಿಕೊಂಡಳು. ಅವನು ಬೈದು ಸುಸ್ತಾಗುವವರೆಗೂ ಕೂತಿದ್ದು, ಸುಸ್ತಾದ ಮೇಲೆ ಅವನು ಹೇಳಿದ್ದನ್ನು ಬರೆದುಕೊಂಡಳು. ಅವಳು ಬರುವುದು ಕಂಡರೆ ಕೆಲವರು ಬೀದಿ ದಾಟಿ ಹೋಗತೊಡಗಿದರು. ಅಷ್ಟು ವರ್ಷ ಬಿಲ್ಲು ಜಾಸ್ತಿ ಬಂದಾಗಲೂ ಅವಳಿಗೆ ಯಾರೂ ಮುಖ ತಿರುಗಿಸಿದವರಲ್ಲ.

ದೊಡ್ಡಮ್ಮನಂತೂ ಮಾತು ಪೂರ್ತಿ ಕೇಳಲೇ ಇಲ್ಲ, ಬಾಗಿಲು ಹಾಕಿಕೊಂಡಳು. ಅಕ್ಕ ಜಗಲಿಯ ಮೇಲೆ ಕೂತಳು. ಮರುದಿನವೂ ಕೂತಳು. ಮೂರನೆಯ ಸಲ ಬಾಗಿಲು ತೆರೆಯಿತು. “ಆ ಹಾಸಿಗೆಗಳನ್ನ ಏನು ಮಾಡಲಿ, ಹೇಳು” ಅಂದಳಂತೆ ದೊಡ್ಡಮ್ಮ. ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಅಕ್ಕ ಪ್ಲಾಂಟು ಮುಚ್ಚುವ ವಿಷಯಕ್ಕೆ ಮೇಡಂ ಕಡೆಯಿಂದ ಚೀಟಿ ಬರೆಸಿಕೊಂಡು, ತಾನೇ ಟೆಂಪೊ ಹತ್ತಿ ಹೋಗಿ, ಅಂಗಡಿಯವನ ಹತ್ತಿರ ಅರ್ಧ ದಿನ ವಾದ ಮಾಡಿ ಅಷ್ಟನ್ನೂ ವಾಪಸ್ಸು ಕೊಟ್ಟು ದೊಡ್ಡಮ್ಮನ ದುಡ್ಡು ತಂದಳು. ಅದು ಅವಳ ಕೆಲಸವಾಗಿರಲಿಲ್ಲ. ಅವಳನ್ನು ಕೇಳಿದರೆ, “ನನ್ನ ಬಾಯಿಂದ ಬಂದ ಹಾಸಿಗೆಗಳು ಅವು” ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಕ್ಕ ಆಡಿದ ಮಾತನ್ನು ಮನೆಮನೆಗೂ ಹೋಗಿ ವಾಪಸ್ಸು ತಂದಳು. ಅಂಥ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ. ವರದಿ ಬದಲಾಯಿತು, ಊರು ನೆರವಿನ ಪಟ್ಟಿಗೆ ಸೇರಿತು, ಆಮೇಲೆ ಪ್ಲಾಂಟೂ ಮುಚ್ಚಿತು. ದರ್ಜಿಯ ಮಗಳ ಓದು ನಿಲ್ಲಲಿಲ್ಲ, ದೊಡ್ಡಮ್ಮನ ರೂಮುಗಳಲ್ಲಿ ಈಗ ತರಬೇತಿಗೆ ಬರುವ ಹುಡುಗಿಯರಿದ್ದಾರೆ. ಎಲ್ಲರಿಗೂ ಎಲ್ಲವೂ ಸಿಕ್ಕಿತು ಅಂತಲ್ಲ, ಕೆಲವು ಬಾಗಿಲು ಮುಚ್ಚಿಯೇ ಹೋದವು. ಕಾಯಂ ಜಾಗ ಬೇರೆಯವರಿಗೆ ಹೋಯಿತು. ಮೇಡಂ ತಾವಾಗಿ ಬಂದು ಅಕ್ಕನ ಹತ್ತಿರ ಬೇಸರ ತೋಡಿಕೊಂಡರು, ಅಕ್ಕ ಅವರಿಗೇ ಟೀ ಕೊಟ್ಟು ಸಮಾಧಾನ ಹೇಳಿ ಕಳಿಸಿದಳು. ಈಗ ಅವಳು ಹಗಲು ಮುದುಕರಿಬ್ಬರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ, ಅವರಿಗೂ ಅವಳು ಮೀಟರಕ್ಕನೇ.

ಎರಡನೆಯ ಸುತ್ತಿನ ಕೊನೆಯ ಬಾಗಿಲು ಮಾತ್ರ ಹೇಳುವುದು ಬಾಕಿ ಇದೆ. ಅದು ನನ್ನದು. ಅಷ್ಟೂ ದಿನ ನಾನು ಅವಳಿಗೆ ಸಿಗದೆ ಜಾರಿಕೊಳ್ಳುತ್ತಿದ್ದೆ. ಕೇಳಲು ಬಂದಾಗಲೆಲ್ಲ ಗಿರಾಕಿ ಇದ್ದಾನೆ, ಬ್ಲೇಡ್ ತರಬೇಕು, ತಲೆ ನೋಯುತ್ತಿದೆ. ಕೊನೆಯ ದಿನ ಅವಳು ಬಂದು ಗಿರಾಕಿಯ ಕುರ್ಚಿಯಲ್ಲೇ ಕೂತಳು. ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳಿದಳು: “ಪ್ಲಾಂಟು ನಿಲ್ಲುತ್ತೆ, ಆಮೇಲೆ ಯಾವತ್ತೂ ಶುರುವಾಗಲ್ಲ. ಆಗ ನಿಮಗೆ ಏನಾಗುತ್ತೆ?” ಎಲ್ಲರನ್ನೂ ಕೇಳಿದ ಹಾಗೆಯೇ, ನನಗೂ ‘ನಿಮಗೆ’.

“ಪ್ಲಾಂಟು ನಿಂತ್ರೆ ಕೂದಲು ಬೆಳೆಯೋದು ನಿಲ್ಲುತ್ತಾ?” ಅಂದೆ.

“ಬೆಳೆಯುತ್ತೆ. ತಲೆಗಳು ಇರಬೇಕಲ್ಲ.”

ಅವಳು ಕಾದಳು. ಬೇರೆ ಬಾಗಿಲುಗಳಲ್ಲಿ ಹೇಗೆ ಕಾದಳೋ ಹಾಗೆ. ನನ್ನ ಎಲ್ಲ ತಮಾಷೆಯೂ ಮುಗಿಯಿತು.

“ನಾನು ಊರು ಬಿಡಬೇಕಾಗುತ್ತೆ ಅಕ್ಕ,” ಅಂದೆ. “ಇಷ್ಟು ತಲೆಗಳಲ್ಲಿ ನಡೆಯಲ್ಲ. ಬೇರೆ ಕಡೆ ಹೋಗ್ಬೇಕಾಗುತ್ತೆ.”

“ಹಾಗೇ ಬರೀಲಾ?”

“ಬರಿ.”

ಅವಳು ಬರೆದಳು. ಅಕ್ಷರ ಎಂದಿನ ಹಾಗೆಯೇ ನೆಟ್ಟಗಿತ್ತು. ಬರೆದಾದ ಮೇಲೆ ಇನ್ನೊಂದು ಹಾಳೆಯನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟಳು. “ನನ್ನ ಮನೆಯೂ ಇದೇ ಊರಲ್ಲಿದೆ. ನನ್ನನ್ನ ಕೇಳೋಕೆ ಯಾರೂ ಬಂದಿಲ್ಲ. ನೀನು ಕೇಳು.”

ನಾನು ಕೇಳಿದೆ. ಪ್ಲಾಂಟು ನಿಲ್ಲುತ್ತೆ, ಆಮೇಲೆ ಯಾವತ್ತೂ ಶುರುವಾಗಲ್ಲ, ಆಗ ನಿಮಗೆ ಏನಾಗುತ್ತೆ ಎಂದು.

“ನನ್ನ ತಮ್ಮ ಊರು ಬಿಟ್ಟು ಹೋಗ್ತಾನೆ,” ಅಂದಳು ಅಕ್ಕ. “ಅಷ್ಟೇ ಬರಿ.”